ಮಾನಸಿಕ ಕಾಯಿಲೆಯ ಜೊತೆ ಬದುಕುತ್ತಾ ಚಿತ್ರ ಬರೆಯುವವರಿಗೆ: ಹಾಳೆಯಿಂದ ಗೋಡೆಯವರೆಗೆ

ಚಿತ್ರ ಮುಗಿಯಿತು ಅನ್ನಿಸಿದ ತಕ್ಷಣ ಹಾಳೆ ತಿರುಗಿಸಿ. ಹಿಂಬದಿಯ ಕೆಳಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ತಾರೀಕು ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗೆರೆ ಮುಂದಿನ ಬದಿಗೆ ಒತ್ತಿಕೊಳ್ಳುತ್ತದೆ. ಬೇಕಿದ್ದರೆ ಪಕ್ಕದಲ್ಲಿ ಒಂದು ಸಾಲು ಸೇರಿಸಿ. "ರಾತ್ರಿ ನಿದ್ದೆ ಸರಿ ಇರಲಿಲ್ಲ." "ಹಳದಿ ಖಾಲಿ, ಅದಕ್ಕೇ ಕಂದು." ಅಷ್ಟು ಸಾಕು.

ಇದನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ಲೂಯಿಸ್ ವೇಯ್ನ್ ಅಂತ ಒಬ್ಬ ಇಂಗ್ಲಿಷ್ ಚಿತ್ರಕಾರರಿದ್ದರು, ಬೆಕ್ಕುಗಳ ಚಿತ್ರಕ್ಕೆ ಹೆಸರುವಾಸಿ. 1924ರಲ್ಲಿ ಅವರನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಮುಂದೆ ವಾಲ್ಟರ್ ಮ್ಯಾಕ್ಲೇ ಎಂಬ ಮನೋವೈದ್ಯರಿಗೆ ವೇಯ್ನ್ ಬರೆದ ಕೆಲವು ಬೆಕ್ಕುಗಳು ಲಂಡನ್ನಿನ ಒಂದು ಅಂಗಡಿಯಲ್ಲಿ ಸಿಕ್ಕವು. ಅವರು ಎಂಟು ಚಿತ್ರಗಳನ್ನು ಸಾಲಾಗಿ ಜೋಡಿಸಿದರು. ಮೊದಲಿಗೆ ಮುದ್ದು ಬೆಕ್ಕು, ಕೊನೆಗೆ ಬೆಕ್ಕೋ ರಂಗೋಲಿಯೋ ಗೊತ್ತಾಗದ ಚಿತ್ತಾರ. ಕಾಯಿಲೆ ಹೆಚ್ಚಾದ ಹಾಗೆ ಚಿತ್ರ ಹೀಗಾಯಿತು ನೋಡಿ ಅಂತ ಆ ಸಾಲು ಎಷ್ಟೋ ವರ್ಷ ಮನಃಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಅಚ್ಚಾಯಿತು. ಆ ಚಿತ್ರಗಳ ಮೇಲೆ ತಾರೀಕೇ ಇರಲಿಲ್ಲ! ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಲು ಯಾರ ಬಳಿಯೂ ಆಧಾರ ಇರಲಿಲ್ಲ. ವೇಯ್ನ್ ಆಸ್ಪತ್ರೆಯಲ್ಲಿದ್ದಾಗಲೂ ಮಾಮೂಲಿ ಬೆಕ್ಕುಗಳನ್ನು ಬರೆಯುತ್ತಲೇ ಇದ್ದರು.

ನಾವು ಸುಮ್ನೆ ಬಿಟ್ಟ ಜಾಗವನ್ನು ಬೇರೆಯವರು ತಮ್ಮ ಕಥೆಯಿಂದ ತುಂಬುತ್ತಾರೆ. ಮಾನಸಿಕ ಕಾಯಿಲೆ ಇರುವವರ ಚಿತ್ರಗಳಿಗೆ ಇದು ಜಾಸ್ತಿ ಆಗುತ್ತದೆ. ತಾರೀಕು, ಹೆಸರು, ಶೀರ್ಷಿಕೆ, ಬೆಲೆ, ಯಾರು ನೋಡಬೇಕು, ಯಾರು ನೋಡಬಾರದು, ಇದನ್ನೆಲ್ಲ ನೀವೇ ತೀರ್ಮಾನ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಕೆಲವು ಕಾಲ ತೀರಾ ಏರುವ, ಕೆಲವು ಕಾಲ ತೀರಾ ಕುಗ್ಗುವ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ತಗೊಳ್ಳುತ್ತೇನೆ. ಇದ್ದಿಲು ಮತ್ತು ನೀರುಬಣ್ಣದಲ್ಲಿ ಕೆಲಸ. ಒಂದೇ ಊರಿನ ಕೆಲವರು ಸೇರಿ ಚಿತ್ರ ಬರೆಯುವ ಒಂದು ಚಿಕ್ಕ ಗುಂಪಿನಲ್ಲಿದ್ದೇನೆ. ಆಗಾಗ ಪ್ರದರ್ಶನವನ್ನೂ ಮಾಡುತ್ತೇವೆ. ನಾನು ವೈದ್ಯಳಲ್ಲ, ಆರ್ಟ್ ಥೆರಪಿಸ್ಟ್ ಕೂಡ ಅಲ್ಲ. ಔಷಧಿಯ ವಿಷಯ ಬಂದಾಗ ಕೊನೆಯ ಮಾತು ನಿಮ್ಮ ವೈದ್ಯರದ್ದು.

ಮಾತ್ರೆ ತಗೊಳ್ಳುವ ಕೈಯಲ್ಲಿ ಗೆರೆ ಎಳೆಯುವುದು

ಲಿಥಿಯಂ ತಗೊಳ್ಳುವ ಹಲವರಿಗೆ ಕೈ ಸಣ್ಣಗೆ ನಡುಗುತ್ತದೆ. ಲೋಟ ಹಿಡಿದಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ತೆಳು ಕುಂಚದ ತುದಿಯನ್ನು ಕಾಗದದ ಹತ್ತಿರ ತಂದಾಗ ಗೊತ್ತಾಗುತ್ತದೆ.

ಇದಕ್ಕೆ ಮೊದಲ ಉಪಾಯ ದೊಡ್ಡ ಹಾಳೆ. ಹಾಳೆಯನ್ನು ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ, ನಿಂತುಕೊಂಡು, ಭುಜದಿಂದ ಗೆರೆ ಎಳೆಯಿರಿ. ಬೆರಳಿನ ನಡುಕ ಬೆರಳಳತೆಯ ಗೆರೆಯಲ್ಲಿ ಕಾಣುತ್ತದೆ, ತೋಳಳತೆಯ ಗೆರೆಯಲ್ಲಿ ಕರಗಿ ಹೋಗುತ್ತದೆ. ಸಣ್ಣ ವಿವರ ಬರೆಯಲೇಬೇಕು ಅಂದರೆ ಒಂದು ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಉಂಡೆ ಕಟ್ಟಿ. ಆ ಉಂಡೆಯನ್ನು ಹಲಗೆಯ ಅಂಚಿಗೆ ಒರಗಿಸಿ, ಕೋಲನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಬಲಗೈ ಮಣಿಕಟ್ಟು ಊರಿ. ತೈಲವರ್ಣದವರು ಶತಮಾನಗಳಿಂದ ಬಳಸುವ ಉಪಾಯ ಇದು. ಹಸಿ ಬಣ್ಣಕ್ಕೆ ಕೈ ತಾಗದಿರಲಿ ಅಂತ ಅವರು ಮಾಡಿಕೊಂಡದ್ದು, ನಮ್ಮ ನಡುಕಕ್ಕೂ ಆಗುತ್ತದೆ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಹಿಡಿತ ಸಡಿಲವಾಗುತ್ತದೆ. ಬಿಗಿಯಾಗಿ ಹಿಡಿದಷ್ಟೂ ಕೈ ಜಾಸ್ತಿ ನಡುಗುತ್ತದೆ. ಕಾಫಿ ಕುಡಿದ ಮೇಲೂ ಹಾಗೇ.

ಗೆರೆ ನೆಟ್ಟಗೆ ಬರಲಿ ಅಂತ ಮಾತ್ರೆ ಬಿಡಬೇಡಿ. ಪ್ರದರ್ಶನ ಹತ್ತಿರ ಬಂದಾಗ ಈ ಯೋಚನೆ ಬರುತ್ತದೆ, ನನಗೆ ಗೊತ್ತು. ವೈದ್ಯರಿಗೆ ಹೇಳಿದರೆ ಪ್ರಮಾಣ ಅಥವಾ ಹೊತ್ತು ಬದಲಿಸಲು ಆಗಬಹುದು, ನಡುಕಕ್ಕೆ ಬೇರೆ ಮಾತ್ರೆಯೂ ಇದೆ. ನಡುಕ ಇದ್ದಕ್ಕಿದ್ದ ಹಾಗೆ ಜೋರಾದರೆ, ಜೊತೆಗೆ ವಾಂತಿ, ಭೇದಿ, ನಡೆಯುವಾಗ ತೂರಾಟ ಅಥವಾ ಮಾತು ತೊದಲುವುದು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಲಿಥಿಯಂ ಜಾಸ್ತಿಯಾದ ಲಕ್ಷಣ ಅದು.

ನೀರಿನ ವಿಷಯ. ಕೆಲಸದಲ್ಲಿ ಮುಳುಗಿ ಗಂಟೆಗಟ್ಟಲೆ ನೀರು ಕುಡಿಯದೆ ಇರುವವರು ನಾವು. ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ. ಬಿಸಿಲಿನಲ್ಲಿ ಕೂತು ಸ್ಕೆಚ್ ಮಾಡುವ ದಿನ ಇದನ್ನು ಮರೆಯಬಾರದು. ಕುಡಿಯುವ ನೀರಿಗೆ ಮುಚ್ಚಳದ ಬಾಟಲಿ, ಕುಂಚ ತೊಳೆಯುವುದಕ್ಕೆ ಅಗಲ ಬಾಯಿಯ ಡಬ್ಬ. ಎರಡೂ ಲೋಟವಾದರೆ ಒಂದಲ್ಲ ಒಂದು ದಿನ ತಪ್ಪಾದದ್ದು ಬಾಯಿಗೆ ಹೋಗುತ್ತದೆ. ಭುಜ ನೋಯುತ್ತದೆ ಅಂತ ಐಬುಪ್ರೊಫೆನ್ ನುಂಗುವ ಮೊದಲು ವೈದ್ಯರನ್ನು ಕೇಳಿ, ಅದೂ ಲಿಥಿಯಂ ಮಟ್ಟವನ್ನು ಏರಿಸುತ್ತದೆ. ಕ್ಲೋರ್‌ಪ್ರೊಮಝೈನ್ ಎಂಬ ಮನೋರೋಗದ ಮಾತ್ರೆ ತಗೊಳ್ಳುವವರಿಗೆ ಬಿಸಿಲಿನಲ್ಲಿ ಚರ್ಮ ಬೇಗ ಸುಡುತ್ತದೆ. ಅವರು ನೆರಳು ಹುಡುಕಿ ಕೂರಲಿ.

ರಾತ್ರಿ ಕ್ವಿಟಿಯಾಪಿನ್ ಅಥವಾ ಒಲಾಂಝಪಿನ್ ಎಂಬ ಮಾತ್ರೆ ತಗೊಳ್ಳುವ ಹಲವರಿಗೆ ಬೆಳಿಗ್ಗೆ ತಲೆ ಮಂಕಾಗಿರುತ್ತದೆ. ಆ ಹೊತ್ತಿನಲ್ಲಿ ಯಾವ ಬಣ್ಣ, ಎಷ್ಟು ದೊಡ್ಡ ಹಾಳೆ ಅಂತ ನಿರ್ಧಾರ ಮಾಡುವುದೇ ದೊಡ್ಡ ಕಷ್ಟ. ಅದಕ್ಕೆ ಹಿಂದಿನ ಸಂಜೆಯೇ ಹಾಳೆ ಅಂಟಿಸಿ, ಮೂರೇ ಬಣ್ಣ ಹೊರಗಿಟ್ಟು, ಉಳಿದದ್ದನ್ನು ಒಳಗಿಡಿ. ಮಂಕು ಕಳೆಯುವುದು ಮಧ್ಯಾಹ್ನಕ್ಕೆ ಅಂದರೆ ಮಧ್ಯಾಹ್ನವೇ ಬರೆಯಿರಿ. ಬೆಳಗಿನ ಬೆಳಕಿಗೆ ಕಾಯುವ ಕಲಾವಿದರ ಕಥೆಗಳನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಕುಗ್ಗಿದ ದಿನ

ಡಿಪ್ರೆಶನ್ ಜೋರಾಗಿದ್ದಾಗ ಖಾಲಿ ಹಾಳೆ ನೋಡಿದರೇ ಸುಸ್ತು. ಆಗ ಹಾಳೆಯನ್ನು ಪೋಸ್ಟ್‌ಕಾರ್ಡಿನಷ್ಟು ಮಾಡಿ. ಬಣ್ಣ ಬೇಡ, ಒಂದು ಇದ್ದಿಲು ತುಂಡು ಸಾಕು. ಇಡೀ ಕಾರ್ಡಿಗೆ ಇದ್ದಿಲನ್ನು ಅಡ್ಡಲಾಗಿ ತಿಕ್ಕಿ ಬೂದು ಮಾಡಿ. ಆಮೇಲೆ ರಬ್ಬರಿನಿಂದ ಒಂದು ಬೆಳಕಿನ ಜಾಗ ಅಳಿಸಿ ತೆಗೆಯಿರಿ: ಕಿಟಕಿ, ಲೋಟದ ಅಂಚು, ಏನಾದರೂ. ಬಿಳಿ ಹಾಳೆಗೆ ಹೆದರುವ ಪ್ರಶ್ನೆಯೇ ಇಲ್ಲ, ಹಾಳೆ ಆಗಲೇ ಹಾಳಾಗಿದೆಯಲ್ಲ! ಅಲಾರಂ ಇಟ್ಟು ಹತ್ತು ನಿಮಿಷಕ್ಕೆ ನಿಲ್ಲಿಸಿ. ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಅದೇ ಒಳ್ಳೆಯದು. ನಾಳೆ ಕೂರಲು ಒಂದು ನೆಪ ಉಳಿಯುತ್ತದೆ.

ಕತ್ತರಿಸಿ ಅಂಟಿಸುವುದೂ ಆಗಬಹುದು. ಮೆಕ್ಸಿಕೋದಿಂದ ಹೋಗಿ ಕ್ಯಾಲಿಫೋರ್ನಿಯಾದ ಮನೋರೋಗ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಇದ್ದ ಮಾರ್ಟಿನ್ ರಮೀರೆಝ್, ಸಿಕ್ಕ ಕಾಗದದ ಚೂರುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಹಾಳೆ ಮಾಡಿಕೊಂಡು ರೈಲು, ಸುರಂಗ, ಕುದುರೆ ಸವಾರರನ್ನು ಬರೆದರು. ಒಳ್ಳೆ ಸಾಮಾನು ಬಂದ ಮೇಲೆ ಶುರು ಮಾಡೋಣ ಅಂತ ಕಾದಿದ್ದರೆ ಆ ರೈಲುಗಳು ಹೊರಡುತ್ತಲೇ ಇರಲಿಲ್ಲ.

ಬ್ಲೇಡು, ಕಟರ್ ಹತ್ತಿರ ಇರುವುದು ನಿಮಗೆ ಒಳ್ಳೆಯದಲ್ಲ ಅನ್ನಿಸುವ ದಿನಗಳಿದ್ದರೆ ಅದನ್ನು ನಂಬಿಕೆಯವರ ಹತ್ತಿರ ಕೊಟ್ಟಿಡಿ. ಸ್ಟೀಲ್ ಸ್ಕೇಲನ್ನು ಹಾಳೆಯ ಮೇಲೆ ಒತ್ತಿ ಹಿಡಿದು ಕಾಗದವನ್ನು ಮೇಲಕ್ಕೆಳೆದು ಹರಿಯಬಹುದು. ನೀರುಬಣ್ಣದ ದಪ್ಪ ಹಾಳೆಗೆ ಆ ಹರಿದ ಅಂಚು ಚೆನ್ನಾಗಿಯೇ ಕಾಣುತ್ತದೆ. ಸ್ಕೆಚ್‌ಬುಕ್ಕಿನ ಮೊದಲ ಪುಟದಲ್ಲಿ ಇಬ್ಬರ ಹೆಸರು, ಫೋನ್ ನಂಬರ್ ಬರೆದಿಡಿ. ಸಾಯುವ ಯೋಚನೆ ಬಂದರೆ ಚಿತ್ರ ಬರೆದು ದಾಟಿಬಿಡೋಣ ಅಂತ ಪ್ರಯತ್ನಿಸಬೇಡಿ. ಇದ್ದಿಲು ಕೆಳಗಿಟ್ಟು ಅವರಿಗೆ ಫೋನ್ ಮಾಡಿ, ಇಲ್ಲವೇ ಸೀದಾ ಆಸ್ಪತ್ರೆಗೆ ಹೋಗಿ.

ಏರಿದ ದಿನ

ಇದು ಕುಗ್ಗಿದ ದಿನಕ್ಕಿಂತ ಮೋಸದ್ದು. ಚಿತ್ರದ ಮೇಲೆ ಚಿತ್ರ ಬರುತ್ತದೆ, ನಿದ್ದೆ ಬೇಡ, ಬಣ್ಣ ಮುಗಿಯುತ್ತದೆ, ಅಂಗಡಿಗೆ ಓಡುತ್ತೀರಿ. ನಾನು ಪಾಲಿಸುವ ನಿಯಮ ಸರಳ: ಏರಿದಾಗ ಚಿತ್ರ ಬರೆಯಬಹುದು, ಅದನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಫೋಟೋ ತೆಗೆದು ಎಲ್ಲಿಯೂ ಹಾಕುವಂತಿಲ್ಲ. ಒಂದು ವಾರ ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕು. ಬಣ್ಣದ ಪಟ್ಟಿಯನ್ನು ತಂಗಿಗೆ ಕಳಿಸುತ್ತೇನೆ. ಅವಳು ಹೂಂ ಅಂದರೆ ಮಾತ್ರ ಕೊಳ್ಳುವುದು. ರಾತ್ರಿ ಹತ್ತಕ್ಕೆ ದೀಪ ಆರಬೇಕು, ಚಿತ್ರ ಎಂಥ ಘಟ್ಟದಲ್ಲಿದ್ದರೂ. ನಿದ್ದೆಗೆಟ್ಟರೆ ಬೈಪೋಲಾರ್ ಇರುವವರಿಗೆ ಉನ್ಮಾದ ಇನ್ನೂ ಏರುತ್ತದೆ. ಈ ನಿಯಮಗಳನ್ನು ಆರಾಮಾಗಿದ್ದಾಗ ಬರೆದು ಗೋಡೆಗೆ ಅಂಟಿಸಿಡಿ. ಏರಿದಾಗ ಮಾಡುವ ನಿಯಮ ನಿಯಮವೇ ಅಲ್ಲ.

ಔಷಧಿ ತಗೊಂಡರೆ ಕಲೆ ಬತ್ತಿಹೋಗುತ್ತದೆ ಅಂತ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಹುಚ್ಚಿಲ್ಲದೆ ಕಲೆಯಿಲ್ಲ ಅಂತ ವ್ಯಾನ್ ಗೋ ಹೆಸರು ಎತ್ತುತ್ತಾರೆ. ಅದೇ ವ್ಯಾನ್ ಗೋ 1889ರ ಮೇ ತಿಂಗಳಲ್ಲಿ ತಾವಾಗಿಯೇ ಫ್ರಾನ್ಸಿನ ಸೇಂಟ್ ರೆಮಿಯ ಮನೋರೋಗ ಆಸ್ಪತ್ರೆಗೆ ಸೇರಿದರು. ಅಲ್ಲಿದ್ದ ಒಂದು ವರ್ಷದಲ್ಲಿ ಸುಮಾರು 150 ಚಿತ್ರ ಬರೆದರು. ಬರೆದದ್ದು ಹೆಚ್ಚಾಗಿ ಕಾಯಿಲೆ ತಗ್ಗಿದ್ದ ದಿನಗಳಲ್ಲಿ. ಕಾಯಿಲೆ ಕೆರಳಿದಾಗ ಅವರು ಬಣ್ಣವನ್ನೇ ತಿನ್ನಲು ಹೋಗಿ, ಕೆಲವು ಕಾಲ ಬಣ್ಣಗಳನ್ನು ಅವರಿಂದ ದೂರ ಇಡಬೇಕಾಯಿತು. ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ 1977ರಲ್ಲಿ ತಾವಾಗಿಯೇ ಟೋಕಿಯೋದ ಮನೋರೋಗ ಆಸ್ಪತ್ರೆಯಲ್ಲಿ ವಾಸಕ್ಕೆ ಹೋದರು. ಅಲ್ಲಿಂದ ಹತ್ತಿರದ ಸ್ಟುಡಿಯೋಗೆ ಹೋಗಿ ಬಂದು ದಶಕಗಳ ಕಾಲ ಕೆಲಸ ಮಾಡಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಏರಿದ ವೇಗ ಈಗಲೂ ನೆನಪಾಗುತ್ತದೆ. ಆಗ ಬರೆದ ಚಿತ್ರಗಳು ನೆನಪಾಗುವುದಿಲ್ಲ.

ಇಲ್ಲದ ದನಿ ಕೇಳುವವರು, ಇಲ್ಲದ್ದು ಕಾಣುವವರು ಅದನ್ನೇ ಬರೆಯಬೇಕಾ? ಕೆಲವರಿಗೆ ಬರೆದರೆ ಹಗುರ ಆಗುತ್ತದೆ. ಕೆಲವರಿಗೆ ಬರೆದಷ್ಟೂ ದನಿ ಜೋರಾಗುತ್ತದೆ. ಬರೆದು ಮುಗಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿಕೊಳ್ಳಿ, ಒಳಗೆ ತಣ್ಣಗಾಯಿತಾ, ಗಲಾಟೆ ಜಾಸ್ತಿಯಾಯಿತಾ ಅಂತ. ಜಾಸ್ತಿಯಾದರೆ ಮೇಜಿನ ಮೇಲೆ ನಿಜವಾಗಿ ಇರುವ ವಸ್ತುವಿಗೆ ಹೋಗಿ. ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ, ಅವರಿಗೆ ಸ್ಕಿಜೋಫ್ರೇನಿಯಾ. ಅವರು ಬರೆಯುವುದು ಕುರ್ಚಿ ಮಾತ್ರ. ಮರದ ಕುರ್ಚಿ, ಮಡಚುವ ಕುರ್ಚಿ, ಒಂದು ಕಾಲು ಕುಂಟುವ ಕುರ್ಚಿ. ಕಾಲಿನ ಕೆಳಗಿನ ನೆರಳನ್ನು ಎಷ್ಟು ನಿಧಾನವಾಗಿ ಕಟ್ಟುತ್ತಾರೆ ಅಂದರೆ, ಕುರ್ಚಿಯ ಭಾರ ನೆಲಕ್ಕೆ ಇಳಿದದ್ದು ಕಾಣುತ್ತದೆ. ನೋಡಲು ಬಂದವರು ಆ ಕುರ್ಚಿಗಳಲ್ಲಿ ದನಿ ಹುಡುಕುತ್ತಾರೆ. "ಕುರ್ಚಿ ಮಾತಾಡಲ್ಲ, ಅದಕ್ಕೇ ನನಗಿಷ್ಟ" ಅನ್ನುತ್ತಾರೆ ಅವರು.

ನಾಲ್ಕು ಜನ ಸೇರಿದಾಗ

ಊರಿನಲ್ಲಿ ನಿಮ್ಮ ಹಾಗೆ ಇನ್ನೂ ಕೆಲವರು ಇದ್ದೇ ಇರುತ್ತಾರೆ. ಒಂದು ಕೋಣೆ, ಉದ್ದನೆಯ ಮೇಜು, ವಾರಕ್ಕೊಂದು ನಿಗದಿತ ಹೊತ್ತು ಇದ್ದರೆ ಸಾಕು. ಬಾಗಿಲ ಹತ್ತಿರದ ಕುರ್ಚಿ ಯಾವಾಗಲೂ ಖಾಲಿ ಇರಲಿ. ಎದ್ದು ಹೋಗಬಹುದು ಅಂತ ಗೊತ್ತಿದ್ದರೆ ಜನ ಜಾಸ್ತಿ ಹೊತ್ತು ಕೂರುತ್ತಾರೆ. ಬರೆಯದೆ ಸುಮ್ನೆ ಕೂತವರನ್ನು ಯಾಕೆ ಬರೆಯುತ್ತಿಲ್ಲ ಅಂತ ಕೇಳಬಾರದು. ತೈಲವರ್ಣ ತೆಳು ಮಾಡುವ ಟರ್ಪೆಂಟೈನ್ ಬೇಡ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಯಾರಿಗೂ ಒಳ್ಳೆಯದಲ್ಲ.

ಮುಖ್ಯವಾದ ನಿಯಮ ಒಂದೇ: ಬೇರೆಯವರ ಚಿತ್ರಕ್ಕೆ ಅರ್ಥ ಹೇಳಬಾರದು. ಎಡ್ವರ್ಡ್ ಆಡಮ್‌ಸನ್ ಎಂಬ ಕಲಾವಿದರು 1946ರಲ್ಲಿ ಇಂಗ್ಲೆಂಡಿನ ನೆದರ್ನ್ ಮನೋರೋಗ ಆಸ್ಪತ್ರೆಯಲ್ಲಿ ಚಿತ್ರಶಾಲೆ ಶುರು ಮಾಡಿದಾಗ ಇದನ್ನೇ ಪಾಲಿಸಿದರು. ರೋಗಿಗಳು ಬರೆಯುತ್ತಿದ್ದರು, ಅವರು ಜೊತೆಗಿರುತ್ತಿದ್ದರು, ವ್ಯಾಖ್ಯಾನ ಮಾಡುತ್ತಿರಲಿಲ್ಲ. ನೀವು "ಈ ಕಪ್ಪು ಯಾಕೆ?" ಅಂತ ಕೇಳಬೇಡಿ. "ಈ ಕಪ್ಪು ಹೇಗೆ ಬಂತು?" ಅಂತ ಕೇಳಿ. ಮೊದಲನೆಯದಕ್ಕೆ ಮನುಷ್ಯ ತನ್ನ ಕಾಯಿಲೆಯ ವರದಿ ಒಪ್ಪಿಸಬೇಕಾಗುತ್ತದೆ. ಎರಡನೆಯದಕ್ಕೆ ನೀಲಿಯ ಮೇಲೆ ಕಂದು ಹಾಕಿದೆ ಅಂತ ಹೇಳಿದರೆ ಮುಗಿಯಿತು, ಕೇಳಿದವರೂ ಒಂದು ವಿಷಯ ಕಲಿತರು.

ಗೋಡೆಗೆ ಹಾಕುವ ಮೊದಲು

ಬರೆದದ್ದೆಲ್ಲ ತೋರಿಸಬೇಕಿಲ್ಲ. ತೋರಿಸುತ್ತೇನೆ ಅಂದಮೇಲೆ ಮೊದಲ ಪ್ರಶ್ನೆ ಹೆಸರಿನದು. 1921ರಲ್ಲಿ ಸ್ವಿಟ್ಸರ್ಲೆಂಡಿನ ಮನೋವೈದ್ಯ ವಾಲ್ಟರ್ ಮಾರ್ಗೆನ್‌ಥಾಲರ್, ತಮ್ಮ ಆಸ್ಪತ್ರೆಯಲ್ಲಿದ್ದ ಅಡಾಲ್ಫ್ ವೋಲ್ಫ್ಲಿ ಎಂಬ ರೋಗಿಯ ಬಗ್ಗೆ ಪುಸ್ತಕ ಬರೆದಾಗ ನಿಜವಾದ ಹೆಸರನ್ನೇ ಹಾಕಿ ಕಲಾವಿದ ಅಂತ ಕರೆದರು. ಮರುವರ್ಷ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮನೋರೋಗಿಗಳ ಚಿತ್ರ ಸಂಗ್ರಹಿಸಿದ ಮನೋವೈದ್ಯ ಹಾನ್ಸ್ ಪ್ರಿನ್ಸ್‌ಹಾರ್ನ್ ಅವರ ಪುಸ್ತಕ ಬಂತು. ಅದರಲ್ಲಿ ರೋಗಿಗಳಿಗೆ ಬೇರೆ ಹೆಸರು. ಫ್ರಾನ್ಸ್ ಕಾರ್ಲ್ ಬ್ಯೂಲರ್ ಎಂಬ ರೋಗಿ ಅದರಲ್ಲಿ ಪೋಲ್ ಆದರು. ಗುಟ್ಟು ಕಾಪಾಡುವುದಕ್ಕೆ ಮಾಡಿದ್ದು ಸರಿ. ಆದರೆ ಎರಡೂ ಕಡೆ ತೀರ್ಮಾನ ವೈದ್ಯರದ್ದು. 1938ರಿಂದ ನಾಜಿಗಳು ಪ್ರಿನ್ಸ್‌ಹಾರ್ನ್ ಸಂಗ್ರಹದ ಚಿತ್ರಗಳನ್ನು ಆಧುನಿಕ ಕಲೆಯನ್ನು ಹೀಯಾಳಿಸುವ ಪ್ರದರ್ಶನದಲ್ಲಿ ತೂಗುಹಾಕಿದರು. 1940ರಲ್ಲಿ ಬ್ಯೂಲರ್ ಅವರನ್ನು, ಮನೋರೋಗಿ ಅನ್ನುವ ಕಾರಣಕ್ಕೇ, ಕೊಂದರು. ತೋರಿಸುವವರ ಉದ್ದೇಶ ಏನು ಅಂತ ಕೇಳುವುದು ಅತಿಯಾದ ಅನುಮಾನ ಅಲ್ಲ.

ಸ್ವಂತ ಹೆಸರು, ಕಾವ್ಯನಾಮದಂಥ ಇನ್ನೊಂದು ಹೆಸರು, ಅನಾಮಿಕ, ಮೂರೂ ಸರಿ. ಕಾಯಿಲೆಯ ಹೆಸರು ಹಾಕಬೇಕೋ ಬೇಡವೋ ಅನ್ನುವುದು ಬೇರೆಯದೇ ಪ್ರಶ್ನೆ. ಒಮ್ಮೆ ಒಬ್ಬ ಆಯೋಜಕರು ನನ್ನನ್ನು ಕೇಳದೆ ನನ್ನ ನೀರುಬಣ್ಣದ ಕೆಳಗೆ "ಬೈಪೋಲಾರ್ ಮನಸ್ಸಿನ ಬಿರುಗಾಳಿ" ಅಂತ ಚೀಟಿ ಅಂಟಿಸಿದ್ದರು. ಅದು ಒಣಗಲು ಹಾಕಿದ ಛತ್ರಿಯ ಚಿತ್ರ! ಆಮೇಲಿಂದ ನಮ್ಮ ಗುಂಪಿನಲ್ಲಿ ಚೀಟಿಗಳನ್ನು ನಾವೇ ಬರೆಯುತ್ತೇವೆ. ಅವು ಹೀಗಿರುತ್ತವೆ: "ಕುರ್ಚಿ, ಬೆಳಿಗ್ಗೆ. ಇದ್ದಿಲು, ಕಾಗದ. 42 × 30 ಸೆಂ.ಮೀ." ಕಾಯಿಲೆಯ ಬಗ್ಗೆ ಹೇಳಬೇಕು ಅನ್ನಿಸಿದವರು ತಮ್ಮ ಮಾತಿನಲ್ಲಿ, ಪ್ರತ್ಯೇಕ ಹಾಳೆಯಲ್ಲಿ, ನಾಲ್ಕು ಸಾಲು ಬರೆಯುತ್ತಾರೆ. ಅದನ್ನು ಯಾರೂ ತಿದ್ದುವಂತಿಲ್ಲ, ಕಾಗುಣಿತ ಬಿಟ್ಟು.

ಎಲ್ಲವನ್ನೂ ಬಿಡಿಸಿ ಹೇಳಬೇಕು ಅಂತಲೂ ಇಲ್ಲ. ಆಗ್ನೆಸ್ ರಿಕ್ಟರ್ ಎಂಬ ದರ್ಜಿ ಹೆಂಗಸು 1890ರ ದಶಕದಲ್ಲಿ ಜರ್ಮನಿಯ ಆಸ್ಪತ್ರೆಯೊಂದರಲ್ಲಿದ್ದಾಗ, ಆಸ್ಪತ್ರೆಯ ಬಟ್ಟೆಯಿಂದಲೇ ಒಂದು ಜಾಕೆಟ್ ಹೊಲಿದುಕೊಂಡು ಅದರ ಒಳಗೂ ಹೊರಗೂ ದಾರದಲ್ಲಿ ಅಕ್ಷರ ತುಂಬಿದರು. ಒಂದರ ಮೇಲೊಂದು ಸಾಲು. ಇವತ್ತಿಗೂ ಅದನ್ನು ಪೂರ್ತಿ ಓದಲು ಆಗಿಲ್ಲ. ತೊಟ್ಟು ಸವೆದ ಗುರುತು ಮಾತ್ರ ಸ್ಪಷ್ಟ ಇದೆ.

ಆಯೋಜಕರ ಜೊತೆ ಬಾಯಿಮಾತು ಸಾಲದು, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಯಾವ ಚಿತ್ರ, ಎಷ್ಟು ದಿನ, ಯಾವ ಹೆಸರಿನಲ್ಲಿ. ಫೋಟೋ ತೆಗೆಯಬಹುದಾ, ಅದು ಎಲ್ಲೆಲ್ಲಿ ಹೋಗುತ್ತದೆ. ಮಾರಾಟವಾದರೆ ಅವರ ಪಾಲೆಷ್ಟು, ನಿಮ್ಮ ದುಡ್ಡು ಯಾವಾಗ ಕೈಗೆ ಬರುತ್ತದೆ. ಫ್ರೇಮಿನ ಖರ್ಚು ಯಾರದ್ದು, ಗಾಜು ಒಡೆದರೆ ಯಾರ ಹೊಣೆ. "ಪ್ರೋತ್ಸಾಹಕ್ಕಾಗಿ" ಪುಕ್ಕಟೆ ಕೊಡಿ ಅಂತ ನಮ್ಮಂಥವರನ್ನು ಜಾಸ್ತಿ ಕೇಳುತ್ತಾರೆ. ಬೇರೆ ಕಲಾವಿದರಿಗೂ ಪುಕ್ಕಟೆಯಾ ಅಂತ ಕೇಳಿ ನೋಡಿ. ಆಸ್ಪತ್ರೆಯಲ್ಲೋ ಥೆರಪಿಯಲ್ಲೋ ಬರೆದ ಚಿತ್ರವಾದರೆ, ಮೂಲಪ್ರತಿ ಯಾರ ಬಳಿ ಇರುತ್ತದೆ, ನಕಲನ್ನು ಯಾರಿಗಾದರೂ ತೋರಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಸಾಲು ಇರಲೇಬೇಕು: ಹಿಂದಿನ ರಾತ್ರಿಯವರೆಗೂ, ಕಾರಣ ಹೇಳದೆ, ಚಿತ್ರ ವಾಪಸ್ ತಗೊಳ್ಳಬಹುದು. ನಮ್ಮ ಒಂದು ಪ್ರದರ್ಶನದಲ್ಲಿ ಹಾಗೆ ಒಂದು ಮೊಳೆ ಖಾಲಿ ಉಳಿಯಿತು. ಯಾರೂ ಏನೂ ಕೇಳಲಿಲ್ಲ.

ತೆರೆಯುವ ದಿನ ಮತ್ತು ಆಮೇಲೆ

ಉದ್ಘಾಟನೆಗೆ ಮೊದಲು ಒಂದು ಗಂಟೆ ಗದ್ದಲವಿಲ್ಲದೆ, ಕಲಾವಿದರಿಗೆ ಮತ್ತು ಅವರವರ ಹತ್ತಿರದವರಿಗೆ ಮಾತ್ರ ಬಾಗಿಲು ತೆರೆಯಿರಿ. ಹಿಂದೆ ಒಂದು ಕೋಣೆ, ಕೂರಲು ಜಾಗ ಇರಲಿ. ಇಬ್ಬಿಬ್ಬರು ಜೋಡಿಯಾಗಿರಿ. ಒಬ್ಬರು ಕಿವಿ ಮುಟ್ಟಿಕೊಂಡರೆ ಇನ್ನೊಬ್ಬರು ಬಂದು ಹೊರಗೆ ಕರೆದುಕೊಂಡು ಹೋಗಬೇಕು. "ನಿಮಗೆ ಯಾವ ಕಾಯಿಲೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಬಾಯಿಪಾಠ ಇರಲಿ. ನನ್ನದು: "ಇಲ್ಲಿ ಚಿತ್ರದ ಬಗ್ಗೆ ಮಾತಾಡೋಣ, ಇದು ಇದ್ದಿಲು." ಹೆಚ್ಚಿನವರು ಅಷ್ಟಕ್ಕೇ ಇದ್ದಿಲಿನ ಬಗ್ಗೆ ಕೇಳಲು ಶುರು ಮಾಡುತ್ತಾರೆ. ಮಾತ್ರೆಯ ಹೊತ್ತಿಗೆ ಅಲಾರಂ ಇಟ್ಟುಕೊಳ್ಳಿ, ಆ ಸಂಜೆ ಮರೆಯುವುದು ಸುಲಭ.

ಮುಗಿದ ಮೇಲಿನ ಕೆಲವು ದಿನ ಮನಸ್ಸು ಕುಸಿಯಬಹುದು. ಎಷ್ಟು ಮಾರಾಟವಾಯಿತು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ವಾರಕ್ಕೆ ಹೊಸ ಕೆಲಸ ಒಪ್ಪಿಕೊಳ್ಳಬೇಡಿ. ಗುಂಪು ಸೇರುವ ದಿನವನ್ನು ಮಾತ್ರ ತಪ್ಪಿಸಬೇಡಿ, ಸುಮ್ನೆ ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರೂ ಆಯಿತು. ಎಲ್ಲ ಹರಿದು ಹಾಕಬೇಕು ಅನ್ನಿಸಿದರೆ ಚಿತ್ರಗಳನ್ನು ದೊಡ್ಡ ಲಕೋಟೆಗೆ ಹಾಕಿ, ಮೂರು ತಿಂಗಳಾದ ಮೇಲೆ ಕೊಡು ಅಂತ ಸ್ನೇಹಿತರ ಕೈಗೆ ಕೊಡಿ. ಆಮೇಲೂ ಹರಿಯಬೇಕು ಅನ್ನಿಸಿದರೆ ಹರಿಯಿರಿ, ನಿಮ್ಮ ಚಿತ್ರ. ಉಳಿದವನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ ಇಡಿ. ಇದ್ದಿಲಿನ ಚಿತ್ರಗಳ ನಡುವೆ ಒಂದೊಂದು ಬಟರ್ ಪೇಪರ್ ಹಾಕಿ. ಇದ್ದಿಲು ಉದುರದ ಹಾಗೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆಯುವುದಿದ್ದರೆ ಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ ನಿಂತು ಹೊಡೆಯಿರಿ.